‘ಆಗದು’ ಎಂಬುದರಿಂದ ಹುಟ್ಟಿದ ಒಮ್ಮತ

1981ರ ಏಪ್ರಿಲ್ 10ರಂದು ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ಕೊಲಂಬಿಯಾ ನೌಕೆ ತನ್ನ ಮೊದಲ ಹಾರಾಟಕ್ಕೆ ಸಜ್ಜಾಗಿ ನಿಂತಿತ್ತು. ಗಗನಯಾತ್ರಿಗಳಾದ ಜಾನ್ ಯಂಗ್ ಮತ್ತು ರಾಬರ್ಟ್ ಕ್ರಿಪ್ಪನ್ ಒಳಗೆ ಕುಳಿತಾಗಿತ್ತು. ಉಡಾವಣೆಗೆ ಇನ್ನು ಇಪ್ಪತ್ತು ನಿಮಿಷ ಎನ್ನುವ ಹೊತ್ತಿಗೆ ನೌಕೆಯ ಕಂಪ್ಯೂಟರುಗಳ ನಡುವೆಯೇ ತಾಳ ತಪ್ಪಿತು. ನೌಕೆಯಲ್ಲಿ ಐದು ಕಂಪ್ಯೂಟರುಗಳಿದ್ದವು. ನಾಲ್ಕು ಒಂದೇ ಪ್ರೋಗ್ರಾಮನ್ನು ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು ನಡೆಸುತ್ತಿದ್ದವು. ಐದನೆಯದರಲ್ಲಿ ಬೇರೊಂದು ತಂಡ ಬರೆದ ಮೀಸಲು ಪ್ರೋಗ್ರಾಮ್ ಇತ್ತು. ನಾಲ್ಕೂ ಕೈಕೊಟ್ಟರೆ ಐದನೆಯದು ನೌಕೆಯನ್ನು ವಹಿಸಿಕೊಳ್ಳಬೇಕು. ಅದಕ್ಕಾಗಿ ಅದು ಸದಾ ಆ ನಾಲ್ಕರ ಮಾತಿಗೆ ಕಿವಿಗೊಟ್ಟಿರಬೇಕು. ಆ ದಿನ ಅದಕ್ಕೆ ಅವುಗಳ ಮಾತು ಕೂಡಿಬರಲಿಲ್ಲ. ಉಡಾವಣೆ ನಿಂತಿತು. ಹುಡುಕಿದಾಗ ಸುಟ್ಟ ತಂತಿ ಸಿಗಲಿಲ್ಲ, ಕೆಟ್ಟ ಬಿಡಿಭಾಗವೂ ಸಿಗಲಿಲ್ಲ. ಸುಮಾರು ಮೂವತ್ತು ಗಂಟೆ ಮೊದಲು ಕಂಪ್ಯೂಟರನ್ನು ಚಾಲೂ ಮಾಡಿದ ಗಳಿಗೆಯಲ್ಲೇ ಅದರ ಕಾಲದ ಲೆಕ್ಕ ಒಂದು ಸುತ್ತಿನಷ್ಟು ಆಚೀಚೆಯಾಗಿತ್ತು. ಹಾಗಾಗುವ ಸಂಭವ 67ಕ್ಕೆ ಒಂದು ಎಂದು ಆಮೇಲೆ ಲೆಕ್ಕ ಹಾಕಿದರು. ಎಲ್ಲವನ್ನೂ ಆರಿಸಿ ಮತ್ತೆ ಚಾಲೂ ಮಾಡಿದ್ದಾಯಿತು; 12ನೇ ತಾರೀಖು ನೌಕೆ ಹಾರಿತು.

ಯಂತ್ರ ಕೆಡುವುದು ಒಂದು ಸಂಗತಿ, ಸರಿಯಾಗಿಯೇ ಇರುವ ಯಂತ್ರಗಳ ನಡುವೆ ಒಮ್ಮತ ಕೆಡುವುದು ಬೇರೆಯೇ ಸಂಗತಿ. ಈ ಎರಡನೆಯದನ್ನು ಒಂದು ಸ್ವತಂತ್ರ ಸಮಸ್ಯೆ ಎಂದು ಗುರುತಿಸಿ, ಅದಕ್ಕೆ ಹೆಸರಿಟ್ಟು, ಅದರ ಎಲ್ಲೆಗಳನ್ನು ಅಳೆದದ್ದು 1970ರ ದಶಕದ ನಡುವಿನಿಂದ ಮುಂದಿನ ನಲವತ್ತು ವರ್ಷಗಳಲ್ಲಿ. ಕೆಲವೇ ನಿಯಮ ಗೊತ್ತಿರುವ, ಪಕ್ಕದವರಿಗೆ ಸಂದೇಶ ಕಳಿಸುವುದನ್ನು ಬಿಟ್ಟು ಬೇರೆ ದಾರಿಯಿಲ್ಲದ ಪುಟ್ಟ ಪ್ರೋಗ್ರಾಮುಗಳು, ಮೇಲೊಬ್ಬ ಯಜಮಾನನಿಲ್ಲದೆ, ಒಂದು ನಿರ್ಧಾರಕ್ಕೆ ಬರುವುದು ಹೇಗೆ? ಈ ಕಥೆಯನ್ನು ಸಾಮಾನ್ಯವಾಗಿ ಗೆಲುವುಗಳ ಮೆರವಣಿಗೆಯಂತೆ ಹೇಳುತ್ತಾರೆ: ಒಬ್ಬರು ಒಂದು ಉಪಾಯ ಕಂಡುಹಿಡಿದರು, ಮತ್ತೊಬ್ಬರು ಅದನ್ನು ಸುಧಾರಿಸಿದರು, ಕೊನೆಗೆ ಜಗತ್ತೆಲ್ಲ ಅದನ್ನು ಬಳಸಿತು. ದಾಖಲೆಗಳನ್ನು ಕಾಲಕ್ರಮದಲ್ಲಿಟ್ಟು ನೋಡಿದರೆ ನನಗೆ ಕಾಣುವ ಚಿತ್ರ ಬೇರೆ. ಪ್ರತಿಯೊಂದು ಮುಖ್ಯ ತಿರುವಿನಲ್ಲೂ ಒಂದು ‘ಆಗದು’ ಇದೆ. ಬಾಯಿಮಾತಿನ ನಿರಾಶೆಯಲ್ಲ, ಗಣಿತದ ರುಜುವಾತಿನ ‘ಆಗದು’. ಏನು ಆಗದು ಎಂದು ಖಚಿತವಾಗಿ ಗೊತ್ತಾದ ಮೇಲೆಯೇ, ಯಾವ ಆಸೆಯನ್ನು ಬಿಟ್ಟರೆ ಉಳಿದದ್ದು ದಕ್ಕುತ್ತದೆ ಎಂಬುದು ಕಟ್ಟುವವರಿಗೆ ತಿಳಿಯಿತು. ಯಜಮಾನನಿಲ್ಲದ ಒಮ್ಮತವನ್ನು ಸಾಧ್ಯ ಮಾಡಿದ್ದು ಅದರ ಅಸಾಧ್ಯತೆಯ ಅಧ್ಯಯನ ಎಂಬುದೇ ಇಲ್ಲಿ ನನ್ನ ವಾದ.

ಮೊದಲಿಗೆ, ಯಜಮಾನನನ್ನು ಇಟ್ಟುಕೊಂಡರೆ ಏನು ತೊಂದರೆ? ಐಬಿಎಂನಲ್ಲಿದ್ದ ಜಿಮ್ ಗ್ರೇ 1978ರಲ್ಲಿ ಪ್ರಕಟಿಸಿದ ದತ್ತಸಂಚಯಗಳ ಕುರಿತ ಟಿಪ್ಪಣಿಗಳಲ್ಲಿ ಈ ಪ್ರಶ್ನೆಯ ಎರಡೂ ಮುಖಗಳಿವೆ. ಒಂದು ಕಡೆ ಅವರು ಎರಡು ಹಂತಗಳ ಒಪ್ಪಂದವನ್ನು ವಿವರಿಸುತ್ತಾರೆ. ಒಬ್ಬ ಸಂಚಾಲಕ ಎಲ್ಲರನ್ನೂ ‘ಸಿದ್ಧವೇ’ ಎಂದು ಕೇಳುತ್ತಾನೆ, ಎಲ್ಲರೂ ಹೂಂ ಎಂದರೆ ‘ಮಾಡಿ’ ಎನ್ನುತ್ತಾನೆ. ಹೂಂ ಅಂದವರು ಮಾತಿಗೆ ಕಟ್ಟುಬಿದ್ದಿರುತ್ತಾರೆ. ಸಂಚಾಲಕ ಆ ಎರಡು ಹಂತಗಳ ನಡುವೆ ಸತ್ತರೆ ಅವರು ಮುಂದಕ್ಕೂ ಹೋಗಲಾರರು, ಹಿಂದಕ್ಕೂ ಬರಲಾರರು. ಹಣ ಖಾತೆಯಿಂದ ಹೊರಟಿದೆಯೋ ಇಲ್ಲವೋ ಎಂಬುದೇ ಅತಂತ್ರ. ಇನ್ನೊಂದು ಕಡೆ ಅವರು ಇಬ್ಬರು ಸೇನಾಪತಿಗಳ ವಿರೋಧಾಭಾಸವನ್ನು ಹೇಳುತ್ತಾರೆ. ಎರಡು ಗುಡ್ಡಗಳ ಮೇಲೆ ಬೀಡುಬಿಟ್ಟ ಇಬ್ಬರು ಒಂದೇ ಗಳಿಗೆಗೆ ದಾಳಿ ಮಾಡಬೇಕು, ನಡುವಿನ ಕಣಿವೆಯಲ್ಲಿ ದೂತ ಸಿಕ್ಕಿಬೀಳಬಹುದು. ಮೊದಲನೆಯವನ ಓಲೆ ತಲುಪಿತು ಎಂದು ತಿಳಿಸಲು ಮರು ಓಲೆ ಬೇಕು, ಆ ಮರು ಓಲೆ ತಲುಪಿತೆಂದು ತಿಳಿಸಲು ಇನ್ನೊಂದು. ಎಷ್ಟು ಓಲೆಗಳಾದರೂ ಕೊನೆಯದನ್ನು ಕಳಿಸಿದವನಿಗೆ ಸಂಶಯ ಉಳಿದೇ ಉಳಿಯುತ್ತದೆ. ಇದೇ ತರ್ಕವನ್ನು 1975ರಲ್ಲೇ ಬೇರೆ ಸಂಶೋಧಕರು ಬೇರೆ ಕಥೆಯಲ್ಲಿಟ್ಟು ಮಂಡಿಸಿದ್ದರು. ದೂತ ಕಳೆದುಹೋಗಬಹುದಾದಲ್ಲಿ ಇಬ್ಬರೇ ಇದ್ದರೂ ಪೂರ್ಣ ಖಾತ್ರಿ ಆಗದು. ಹುಡುಕಿ ಹೊರಟರೆ ಈ ಕ್ಷೇತ್ರದ ಮೊದಲ ‘ಆಗದು’ ಇದೇ.

ಎರಡನೆಯದು ವಿಮಾನಗಳಿಂದ ಬಂತು. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿಸುವ ವಿಮಾನಗಳ ಯೋಚನೆ ಅಮೆರಿಕದಲ್ಲಿ ಬಲವಾಯಿತು. ರೆಕ್ಕೆ ಬಾಲಗಳ ನಿಯಂತ್ರಣ ಫಲಕಗಳನ್ನು ಚಿಕ್ಕದು ಮಾಡಿದರೆ ಗಾಳಿಯ ತಡೆ ಕಡಿಮೆಯಾಗುತ್ತದೆ, ಆದರೆ ವಿಮಾನ ತಾನಾಗಿ ಸ್ಥಿರವಾಗಿ ಹಾರದು. ಕಂಪ್ಯೂಟರು ಗಳಿಗೆ ಗಳಿಗೆಗೂ ತಿದ್ದುತ್ತಿರಬೇಕು. ಆ ಕಂಪ್ಯೂಟರು ಕೆಡುವಂತೆಯೇ ಇಲ್ಲ. ನಾಸಾದ ಹಣದಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಎಸ್‌ಆರ್‌ಐ ಸಂಸ್ಥೆ ‘ಸಿಫ್ಟ್’ ಎಂಬ ಯೋಜನೆ ಕೈಗೊಂಡಿತು: ಹಲವು ಕಂಪ್ಯೂಟರುಗಳು ಒಂದೇ ಲೆಕ್ಕ ಮಾಡಿ ಬಹುಮತದಿಂದ ಉತ್ತರ ಆರಿಸುವುದು. ಮೂರು ಇದ್ದರೆ ಸಾಕು, ಒಂದು ಕೆಟ್ಟರೂ ಉಳಿದೆರಡು ಅದನ್ನು ಸೋಲಿಸುತ್ತವೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಲ್ಲ ಎಂದು ಕಂಡುಕೊಂಡವರು ಅಲ್ಲಿನ ರಾಬರ್ಟ್ ಶೋಸ್ಟಾಕ್. ಎಷ್ಟು ಕೆಟ್ಟರೆ ಎಷ್ಟು ಬೇಕು ಎಂಬ ಸಾಮಾನ್ಯ ಲೆಕ್ಕವನ್ನು ಬಿಡಿಸಿದವರು ಮಾರ್ಷಲ್ ಪೀಸ್. ಆಮೇಲೆ ಸೇರಿದ ಲೆಸ್ಲಿ ಲ್ಯಾಂಪೋರ್ಟ್, ನಕಲು ಮಾಡಲಾಗದ ಡಿಜಿಟಲ್ ಸಹಿಗಳಿದ್ದರೆ ಈ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದನ್ನು ತಂದರು. ಮೂವರ ಪ್ರಬಂಧ 1980ರಲ್ಲಿ ಪ್ರಕಟವಾಯಿತು.

ಮೂರು ಏಕೆ ಸಾಲದು ಎಂಬುದನ್ನು ಗಡಿಯಾರಗಳಲ್ಲಿಟ್ಟು ನೋಡಬಹುದು. ಕಂಪ್ಯೂಟರುಗಳು ಹೆಜ್ಜೆ ಕೂಡಿಸಲು ಅವುಗಳ ಗಡಿಯಾರಗಳು ಹತ್ತಿರ ಹತ್ತಿರ ಇರಬೇಕು. ಅದಕ್ಕಾಗಿ ಪ್ರತಿಯೊಂದೂ ಉಳಿದೆರಡನ್ನು ಕೇಳಿ, ಮೂರು ಹೊತ್ತುಗಳಲ್ಲಿ ನಡುವಿನದನ್ನು ತನ್ನದಾಗಿಸಿಕೊಳ್ಳುತ್ತದೆ ಎನ್ನೋಣ. ಮೊದಲನೆಯದು 10 ತೋರುತ್ತಿದೆ, ಎರಡನೆಯದು 11. ಮೂರನೆಯದು ಕೆಟ್ಟಿದೆ, ಅದೂ ವಿಚಿತ್ರವಾಗಿ: ಮೊದಲನೆಯದಕ್ಕೆ 9 ಎನ್ನುತ್ತದೆ, ಎರಡನೆಯದಕ್ಕೆ 12 ಎನ್ನುತ್ತದೆ. ಮೊದಲನೆಯದರ ಕಣ್ಣಿಗೆ 9, 10, 11. ನಡುವಿನದು ತನ್ನದೇ 10, ತಿದ್ದಿಕೊಳ್ಳಲು ಕಾರಣವಿಲ್ಲ. ಎರಡನೆಯದರ ಕಣ್ಣಿಗೆ 10, 11, 12. ಅದಕ್ಕೂ ತನ್ನದೇ ಸರಿ. ಎರಡೂ ಪ್ರಾಮಾಣಿಕ, ಎರಡೂ ನಿಯಮ ಪಾಲಿಸಿವೆ, ಆದರೂ ಒಂದರ ಬಳಿಗೆ ಒಂದು ಎಂದಿಗೂ ಬರುವುದಿಲ್ಲ. ಎರಡು ನಾಲಿಗೆಯ ಒಂದೇ ಒಂದು ಗಡಿಯಾರ ಅವೆರಡನ್ನೂ ಬೇರೆ ಬೇರೆ ಲೋಕಗಳಲ್ಲಿ ಇಟ್ಟಿದೆ. ನಡುವಿನದನ್ನು ಆರಿಸುವ ಬದಲು ಇನ್ನಾವುದೇ ಜಾಣ ನಿಯಮ ತಂದರೂ, ಸಹಿಗಳಿಲ್ಲದೆ ಮೂವರಲ್ಲಿ ಒಬ್ಬ ಎರಡು ನಾಲಿಗೆಯವನಿದ್ದರೆ ಒಮ್ಮತಕ್ಕೆ ಖಾತ್ರಿ ಕೊಡಲಾಗದು ಎಂಬುದೇ ಪ್ರಮೇಯ. ಒಬ್ಬ ವಂಚಕನಿಗೆ ನಾಲ್ವರು ಬೇಕು, ಇಬ್ಬರಿಗೆ ಏಳು, ಮೂವರಿಗೆ ಹತ್ತು. ಸುಳ್ಳಾಡುವವರು ಮೂರನೆಯ ಒಂದು ಪಾಲಿಗಿಂತ ಕಡಿಮೆ ಇರಲೇಬೇಕು. ಇದನ್ನು ನಿರಾಶೆಯ ಸುದ್ದಿ ಎನ್ನಬೇಕೆ? ಮೂರೇ ಕಂಪ್ಯೂಟರು ಇಟ್ಟು ಸುರಕ್ಷಿತವಾಗಿದ್ದೇವೆಂದು ನಂಬುತ್ತಿದ್ದ ಎಂಜಿನಿಯರಿಗೆ ನಾಲ್ಕನೆಯದನ್ನು ಇಡು ಎಂದು ಹೇಳಿದ್ದು ಈ ‘ಆಗದು’ವೇ.

ಮೊದಲ ಪ್ರಬಂಧ ಗಣಿತದ ಒಣ ಭಾಷೆಯಲ್ಲಿತ್ತು. ಕಂಪ್ಯೂಟರು ವಿಜ್ಞಾನಿ ಡೈಕ್‌ಸ್ಟ್ರಾ ಅವರ ಊಟದ ಮೇಜಿನ ತತ್ತ್ವಜ್ಞಾನಿಗಳ ಒಗಟು ಜನಪ್ರಿಯವಾದದ್ದು ಅದರ ಕಥೆಯಿಂದ ಎಂದು ಗಮನಿಸಿದ್ದ ಲ್ಯಾಂಪೋರ್ಟ್, ತಮ್ಮ ಫಲಿತಾಂಶಕ್ಕೂ ಒಂದು ಕಥೆ ಕಟ್ಟಿದರು. ಪಟ್ಟಣವೊಂದನ್ನು ಸುತ್ತುವರಿದ ಸೇನಾಪತಿಗಳು, ಅವರಲ್ಲಿ ಕೆಲವರು ದ್ರೋಹಿಗಳು. ಮೊದಲು ಅವರನ್ನು ಅಲ್ಬೇನಿಯಾದವರೆಂದು ಮಾಡಲು ಯೋಚಿಸಿದ್ದರಂತೆ. ಆಗ ಆ ದೇಶ ಹೊರಜಗತ್ತಿಗೆ ಪೂರ್ತಿ ಬಾಗಿಲು ಹಾಕಿಕೊಂಡಿತ್ತು, ಬೇಸರಪಟ್ಟುಕೊಳ್ಳುವವರು ಯಾರು ಎಂಬ ಎಣಿಕೆ. ಅಲ್ಬೇನಿಯನ್ನರು ಹೊರಗೂ ಇದ್ದಾರೆಂದು ಸಹೋದ್ಯೋಗಿ ಜ್ಯಾಕ್ ಗೋಲ್ಡ್‌ಬರ್ಗ್ ಎಚ್ಚರಿಸಿದ ಮೇಲೆ ಸೇನಾಪತಿಗಳು ಬೈಜಾಂಟಿಯಂನವರಾದರು. 1982ರ ಆ ಪ್ರಬಂಧದಿಂದ ‘ಬೈಜಾಂಟೈನ್ ದೋಷ’ ಎಂಬ ಮಾತು ಕಂಪ್ಯೂಟರು ಜಗತ್ತಿನಲ್ಲಿ ನೆಲೆಯಾಯಿತು. ಆದರೆ ಕಥೆ ಒಂದು ತಪ್ಪು ಕಲ್ಪನೆಯನ್ನೂ ಹಬ್ಬಿಸಿತು ಎಂದು ನನಗನ್ನಿಸುತ್ತದೆ. ದ್ರೋಹಿ ಎಂದೊಡನೆ ಕೇಳುಗ ಕೇಳುತ್ತಾನೆ: ಯಂತ್ರಗಳಿಗೆ ದುರುದ್ದೇಶವಿದೆಯೇ? ಇಲ್ಲದಿದ್ದರೆ ಇದೆಲ್ಲ ಅತಿ ಎಚ್ಚರಿಕೆಯಲ್ಲವೇ? ಉತ್ತರ ತಂತಿಯಲ್ಲಿಯೇ ಇದೆ. ಶೂನ್ಯಕ್ಕೊಂದು, ಒಂದಕ್ಕೊಂದು ವೋಲ್ಟೇಜ್ ಮಟ್ಟ ಗೊತ್ತುಮಾಡಿರುತ್ತಾರೆ. ಹಳಸಿದ ಬಿಡಿಭಾಗವೊಂದು ಎರಡರ ನಡುವಿನ ವೋಲ್ಟೇಜ್ ಕಳಿಸಿದರೆ ಒಂದು ಯಂತ್ರ ಅದನ್ನು ಶೂನ್ಯವೆಂದೂ ಪಕ್ಕದ ಯಂತ್ರ ಒಂದು ಎಂದೂ ಓದಬಹುದು. ಅಲ್ಲಿ ಯಾರ ಸಂಚೂ ಇಲ್ಲ. ಆದರೂ ಒಂದೇ ಬಾಯಿಂದ ಎರಡು ಮಾತು ಬಂದಿರುತ್ತದೆ.

ಮೂರನೆಯ ‘ಆಗದು’ ಇವೆಲ್ಲಕ್ಕಿಂತ ಆಳವಾದದ್ದು. ಯೇಲ್‌ನ ಮೈಕೆಲ್ ಫಿಷರ್, ಎಂಐಟಿಯ ನ್ಯಾನ್ಸಿ ಲಿಂಚ್, ಇಂಗ್ಲೆಂಡಿನ ವಾರ್ವಿಕ್‌ನ ಮೈಕೆಲ್ ಪ್ಯಾಟರ್ಸನ್ ಮೊದಲು 1983ರಲ್ಲಿ ಒಂದು ಸಮ್ಮೇಳನದಲ್ಲಿ, ಅನಂತರ 1985ರ ಏಪ್ರಿಲ್‌ನಲ್ಲಿ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಪ್ರಬಂಧ ಒಂಬತ್ತೇ ಪುಟ. ಅವರು ವಂಚಕರನ್ನು ಕೈಬಿಟ್ಟರು, ಎಲ್ಲರೂ ಸತ್ಯವಂತರು. ಸಂದೇಶ ಕಳೆದುಹೋಗುವುದನ್ನೂ ಬಿಟ್ಟರು. ಕಳಿಸಿದ್ದು ಎಂದಾದರೊಮ್ಮೆ ತಲುಪಿಯೇ ತಲುಪುತ್ತದೆ. ಉಳಿಸಿಕೊಂಡದ್ದು ಎರಡೇ ಷರತ್ತು: ಸಂದೇಶ ಎಷ್ಟು ತಡವಾಗಬಹುದು ಎಂಬುದಕ್ಕೆ ಮಿತಿಯಿಲ್ಲ, ಮತ್ತು ಸದಸ್ಯರಲ್ಲಿ ಒಬ್ಬ, ಒಬ್ಬನೇ ಒಬ್ಬ, ಸದ್ದಿಲ್ಲದೆ ಸತ್ತುಹೋಗಬಹುದು. ಇಷ್ಟು ಸಜ್ಜನ ಲೋಕದಲ್ಲೂ, ‘ಹೌದು’ ಅಥವಾ ‘ಇಲ್ಲ’ ಎಂಬ ಒಂದೇ ಒಂದು ವಿಷಯದಲ್ಲಿ ಯಾವಾಗಲೂ ಸರಿಯಾಗಿ, ಯಾವಾಗಲೂ ಮುಗಿಯುವಂತೆ ಒಮ್ಮತಕ್ಕೆ ಬರುವ ನಿಶ್ಚಿತ ನಿಯಮಾವಳಿ ಇರಲಾರದು ಎಂದು ಅವರು ರುಜುವಾತು ಮಾಡಿದರು. ಮೂವರ ಹೆಸರಿನ ಮೊದಲಕ್ಷರಗಳಿಂದ ಇದನ್ನು ಎಫ್‌ಎಲ್‌ಪಿ ಪ್ರಮೇಯ ಎನ್ನುತ್ತಾರೆ.

ಅದರ ತಿರುಳು ಒಂದು ಸರಳ ಸತ್ಯ: ದೂರದಲ್ಲಿರುವವನು ಸತ್ತಿದ್ದಾನೋ ನಿಧಾನಿಯೋ ಎಂದು ಮೌನದಿಂದ ತಿಳಿಯಲಾಗದು. ಎಲ್ಲರೂ ‘ಇಲ್ಲ’ ಎಂದು ಆರಂಭಿಸಿದರೆ ನಿರ್ಧಾರ ‘ಇಲ್ಲ’ವೇ ಆಗಬೇಕು, ಎಲ್ಲರೂ ‘ಹೌದು’ ಎಂದರೆ ‘ಹೌದೇ’. ಈಗ ಒಬ್ಬೊಬ್ಬರ ಮತವನ್ನು ಒಂದೊಂದಾಗಿ ‘ಇಲ್ಲ’ದಿಂದ ‘ಹೌದಿ’ಗೆ ಬದಲಿಸುತ್ತ ಹೋಗಿ. ಎಲ್ಲೋ ಒಂದು ಕಡೆ, ಒಬ್ಬನೇ ಒಬ್ಬನ ಮತ ಬದಲಾದಾಗ ಇಡೀ ಗುಂಪಿನ ನಿರ್ಧಾರ ಮಗುಚಬೇಕು. ಆ ಒಬ್ಬನೇ ಮೊದಲಲ್ಲೇ ಸತ್ತರೆ? ಉಳಿದವರಿಗೆ ಎರಡೂ ಸನ್ನಿವೇಶ ಒಂದೇ ರೀತಿ ಕಾಣುತ್ತದೆ. ಹಾಗಾಗಿ ಎತ್ತ ಬೇಕಾದರೂ ವಾಲಬಹುದಾದ ಒಂದು ಆರಂಭಸ್ಥಿತಿ ಇದ್ದೇ ಇರುತ್ತದೆ. ಅಲ್ಲಿಂದ ಮುಂದೆ, ತಕ್ಕಡಿ ಒಂದು ಕಡೆಗೆ ವಾಲುವ ಪ್ರತಿ ಗಳಿಗೆಯಲ್ಲೂ ಯಾವುದೋ ಒಂದು ಸಂದೇಶವನ್ನು ಸ್ವಲ್ಪ ತಡಮಾಡಿ ತಕ್ಕಡಿಯನ್ನು ಮತ್ತೆ ಸಮಕ್ಕೆ ತರಬಹುದು ಎಂದು ಅವರು ತೋರಿಸಿದರು. ಯಾರೂ ಸಾಯದೆಯೂ, ಯಾವ ಸಂದೇಶವೂ ಕಳೆದುಹೋಗದೆಯೂ, ಸಭೆ ಎಂದೆಂದಿಗೂ ಅನಿಶ್ಚಿತವಾಗಿ ಉಳಿಯಬಲ್ಲದು. ಈ ರುಜುವಾತಿನಲ್ಲಿ ನನಗೆ ತುಂಬ ದೊಡ್ಡದೆನಿಸುವುದು ಅದರ ಬಿಗಿ. ಇದರಲ್ಲಿರುವ ಷರತ್ತುಗಳು ಇಷ್ಟು ಕಡಿಮೆಯಾದ್ದರಿಂದ, ತಪ್ಪಿಸಿಕೊಳ್ಳುವ ದಾರಿಗಳೂ ಎಷ್ಟಿವೆ ಎಂದು ಬೆರಳಲ್ಲಿ ಎಣಿಸಬಹುದಾಯಿತು.

ಇಲ್ಲಿ ಒಂದು ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಇದು ಕಾಗದದ ಮೇಲಿನ ಗಣಿತ. ನಿಜವಾದ ಜಾಲದಲ್ಲಿ ಪ್ರತಿ ಸಂದೇಶವನ್ನೂ ಸರಿಯಾದ ಗಳಿಗೆಯಲ್ಲಿ ತಡೆಯುವ ಶತ್ರು ಎಲ್ಲಿದ್ದಾನೆ? ಬ್ಯಾಂಕಿನ ಕಂಪ್ಯೂಟರುಗಳು ದಿನಾಲೂ ಒಮ್ಮತಕ್ಕೆ ಬರುತ್ತಲೇ ಇವೆಯಲ್ಲ? ಬರುತ್ತಿವೆ, ನಿಜ. ಆದರೆ ಅವು ಬರುತ್ತಿರುವುದು ಪ್ರಮೇಯ ತೆರೆದಿಟ್ಟ ಸಂದುಗಳಿಂದಲೇ. ನಿಶ್ಚಿತ ನಿಯಮಕ್ಕೆ ಆಗದು ಎಂದಿದ್ದರಿಂದ 1983ರಲ್ಲೇ ಮೈಕೆಲ್ ಬೆನ್-ಓರ್ ಅನಿಶ್ಚಿತವನ್ನು ತಂದರು: ಗುಂಪು ಎರಡು ಪಾಲಾಗಿ ನಿಂತಾಗ ಪ್ರತಿ ಸದಸ್ಯನೂ ನಾಣ್ಯ ಚಿಮ್ಮಿ ಮುಂದಿನ ಮತ ಹಾಕಲಿ. ಶತ್ರು ಸಂದೇಶವನ್ನು ತಡೆಯಬಹುದು, ನಾಣ್ಯ ಹೇಗೆ ಬೀಳುತ್ತದೆಂದು ಮೊದಲೇ ಅರಿಯಲಾರ. ಎಂದಾದರೊಂದು ದಿನ ಸಾಕಷ್ಟು ನಾಣ್ಯಗಳು ಒಂದೇ ಮುಖಕ್ಕೆ ಬೀಳುತ್ತವೆ. ಅದೇ ವರ್ಷ ಮೈಕೆಲ್ ರಾಬಿನ್ ಎಲ್ಲರೂ ಹಂಚಿಕೊಳ್ಳುವ ನಾಣ್ಯದಿಂದ ಇದನ್ನು ಬೇಗ ಮುಗಿಸುವ ದಾರಿ ತೋರಿಸಿದರು. ತಡಕ್ಕೆ ಮಿತಿಯೇ ಇಲ್ಲ ಎಂಬ ಷರತ್ತನ್ನು 1988ರಲ್ಲಿ ಸಿಂಥಿಯಾ ಡ್ವರ್ಕ್, ನ್ಯಾನ್ಸಿ ಲಿಂಚ್, ಲ್ಯಾರಿ ಸ್ಟಾಕ್‌ಮೇಯರ್ ಸಡಿಲಿಸಿದರು: ಜಾಲ ಎಷ್ಟು ಹೊತ್ತಾದರೂ ಹುಚ್ಚೆದ್ದಿರಲಿ, ಎಂದಾದರೊಮ್ಮೆ ಸಮಾಧಾನಕ್ಕೆ ಬಂದರೆ ಸಾಕು. ಸತ್ತವನು ಯಾರು ಎಂಬುದನ್ನು ತಿಳಿಯುವುದೇ ಕಷ್ಟವಾದರೆ, ತಪ್ಪಾಗಿಯಾದರೂ ಊಹಿಸುವ ಒಬ್ಬ ಕಾವಲುಗಾರ ಎಷ್ಟು ನಂಬಿಗಸ್ತನಾಗಿರಬೇಕು ಎಂದು 1990ರ ದಶಕದಲ್ಲಿ ತುಷಾರ್ ಚಂದ್ರ ಮತ್ತು ಸ್ಯಾಮ್ ಟೊಯೆಗ್ ಲೆಕ್ಕ ಹಾಕಿದರು. ಮುಂದೆ 2007ರಲ್ಲಿ ಗೂಗಲ್‌ನಲ್ಲಿ ಇಂಥ ವ್ಯವಸ್ಥೆಯನ್ನು ಕಟ್ಟಿದ ಅನುಭವವನ್ನು ಬರೆದ ಮೂವರಲ್ಲಿ ಇದೇ ತುಷಾರ್ ಚಂದ್ರ ಒಬ್ಬರು. ಗಣಿತಕ್ಕೂ ಗೂಗಲ್‌ನ ಯಂತ್ರಕೋಣೆಗೂ ನಡುವೆ ಇದ್ದ ದೂರ ಅಷ್ಟೇ.

ನನ್ನ ವಾದಕ್ಕೆ ಬಲವಾದ ಸಾಕ್ಷಿ ಲ್ಯಾಂಪೋರ್ಟ್ ಅವರೇ ಹೇಳಿಕೊಂಡ ಒಂದು ಸಂಗತಿ. 1980ರ ದಶಕದ ಕೊನೆಯಲ್ಲಿ ಅವರು ಪಾಲೊ ಆಲ್ಟೊದಲ್ಲಿ ಡಿಜಿಟಲ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದರು. ಅಲ್ಲಿ ‘ಎಕೋ’ ಎಂಬ ಕಡತ ವ್ಯವಸ್ಥೆಯನ್ನು ಕಟ್ಟುತ್ತಿದ್ದವರು, ಎಷ್ಟೇ ಸದಸ್ಯರು ಕೆಟ್ಟರೂ ದತ್ತಾಂಶ ಕದಡದಂತೆ, ಬಹುಮತ ಎದ್ದಿದ್ದರೆ ಕೆಲಸ ಮುಂದುವರಿಯುವಂತೆ ಮಾಡುತ್ತೇವೆ ಎನ್ನುತ್ತಿದ್ದರು. ಇದು ಅಸಾಧ್ಯ ಎಂದು ಲ್ಯಾಂಪೋರ್ಟ್‌ಗೆ ಅನ್ನಿಸಿತು, ಅಸಾಧ್ಯವೆಂದು ರುಜುವಾತು ಮಾಡಲು ಕುಳಿತರು. ರುಜುವಾತು ಎಲ್ಲಿ ಎಡವಿತೋ ಅಲ್ಲೇ ಒಂದು ಅಲ್ಗಾರಿದಮ್ ಕಾದು ಕುಳಿತಿತ್ತು. ಅದೇ ಪ್ಯಾಕ್ಸೊಸ್. ಕಥೆ ಕಟ್ಟುವ ಹಳೆಯ ಹಂಬಲ ಮತ್ತೆ ಮರಳಿತು. ಗ್ರೀಸಿನ ಒಂದು ದ್ವೀಪದಲ್ಲಿ ಹಿಂದೆಂದೋ ಇದ್ದ, ಸದಸ್ಯರು ಮನಬಂದಂತೆ ಎದ್ದುಹೋಗುತ್ತಿದ್ದ ಸಂಸತ್ತಿನ ಅವಶೇಷಗಳನ್ನು ಅಗೆದು ತೆಗೆದಂತೆ ಬರೆದರು, ಪುರಾತತ್ತ್ವಜ್ಞನ ವೇಷ ತೊಟ್ಟು ಉಪನ್ಯಾಸವನ್ನೂ ಕೊಟ್ಟರು. 1990ರಲ್ಲಿ ಪತ್ರಿಕೆಗೆ ಕಳಿಸಿದರೆ, ವಿಷಯ ಅಷ್ಟೇನೂ ಮುಖ್ಯವಲ್ಲ, ದ್ವೀಪದ ಕಥೆ ತೆಗೆಯಿರಿ ಎಂದು ಪರಿಶೀಲಕರು ಬರೆದರು. ಲ್ಯಾಂಪೋರ್ಟ್ ತೆಗೆಯಲಿಲ್ಲ. ಪ್ರಬಂಧ ಅಚ್ಚಾದದ್ದು 1998ರಲ್ಲಿ. ಆ ಎಂಟು ವರ್ಷ ಕಂಪ್ಯೂಟರು ವಿಜ್ಞಾನಿ ಬಟ್ಲರ್ ಲ್ಯಾಂಪ್ಸನ್‌ರಂಥ ಕೆಲವರು ಅದರ ಬೆಲೆಯನ್ನರಿತು ಬೇರೆಯವರಿಗೆ ವಿವರಿಸಿ ಹೇಳದಿದ್ದರೆ ಅದು ಕಪಾಟಿನಲ್ಲೇ ಉಳಿಯುವ ಸಂಭವವಿತ್ತು.

ಪ್ಯಾಕ್ಸೊಸ್‌ನ ಜೀವಾಳ ಬಹುಮತದ ಒಂದು ಗುಣದಲ್ಲಿದೆ. ಐವರಲ್ಲಿ ಯಾವ ಮೂವರನ್ನು ಒಂದು ಸಲ ಆರಿಸಿದರೂ, ಇನ್ನೊಂದು ಸಲ ಬೇರೆ ಯಾವ ಮೂವರನ್ನು ಆರಿಸಿದರೂ, ಎರಡೂ ಗುಂಪಿಗೆ ಸೇರಿದ ಒಬ್ಬನಾದರೂ ಇರಲೇಬೇಕು. ಆ ಒಬ್ಬನೇ ಹಿಂದಿನ ನಿರ್ಧಾರದ ನೆನಪು. ಹೊಸದಾಗಿ ಪ್ರಸ್ತಾಪ ತರುವವನು ಮೊದಲು ಒಂದು ಏರುಸಂಖ್ಯೆ ಹಿಡಿದು ಬಹುಮತವನ್ನು ಕೇಳಬೇಕು: ನೀವು ಈಗಾಗಲೇ ಏನನ್ನಾದರೂ ಒಪ್ಪಿದ್ದೀರಾ? ಒಪ್ಪಿದ್ದರೆ, ಅವುಗಳಲ್ಲಿ ಅತಿ ದೊಡ್ಡ ಸಂಖ್ಯೆಯದನ್ನೇ ಅವನು ಎತ್ತಿಹಿಡಿಯಬೇಕು, ತನ್ನ ಮಾತನ್ನು ಬಿಡಬೇಕು. ಯಾರೂ ಏನನ್ನೂ ಒಪ್ಪಿರದಿದ್ದರೆ ಮಾತ್ರ ತನ್ನದನ್ನು ಹೇಳಬಹುದು. ಕೇಳಿಸಿಕೊಂಡವರು ಅದಕ್ಕಿಂತ ಸಣ್ಣ ಸಂಖ್ಯೆಯ ಪ್ರಸ್ತಾಪಕ್ಕೆ ಇನ್ನು ಕಿವಿಗೊಡುವುದಿಲ್ಲವೆಂದು ಮಾತು ಕೊಡುತ್ತಾರೆ. ಇಲ್ಲಿ ಎಫ್‌ಎಲ್‌ಪಿಯ ನೆರಳು ಎಲ್ಲಿದೆ? ಇಬ್ಬರು ಪ್ರಸ್ತಾಪಕರು ಒಬ್ಬರ ಮೇಲೊಬ್ಬರು ದೊಡ್ಡ ಸಂಖ್ಯೆ ಹಿಡಿದು ಪೈಪೋಟಿಗೆ ಬಿದ್ದರೆ ಯಾವುದೂ ತೀರ್ಮಾನವಾಗದೆ ಸಭೆ ಸಾಗುತ್ತಲೇ ಇರಬಹುದು. ಲ್ಯಾಂಪೋರ್ಟ್ ಅದನ್ನು ಮುಚ್ಚಿಡಲಿಲ್ಲ. ಎರಡು ವಿರುದ್ಧ ನಿರ್ಧಾರಗಳು ಎಂದೂ ಆಗಕೂಡದು, ಇದು ಅಚಲ. ನಿರ್ಧಾರ ತಡವಾಗಬಹುದು, ಇದು ತೆರುವ ಬೆಲೆ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ಈ ವಿಂಗಡಣೆಯೇ ಅಸಾಧ್ಯತೆಯ ಪಾಠದ ಫಲ.

ಇದಕ್ಕೆ ಎದುರಾಗಿ ಎರಡು ಮಾತು ಹೇಳಬಹುದು, ಎರಡಕ್ಕೂ ತೂಕವಿದೆ. ಮೊದಲನೆಯದು: ಎಂಐಟಿಯಲ್ಲಿ ಬ್ರಯಾನ್ ಓಕಿ ಮತ್ತು ಬಾರ್ಬರಾ ಲಿಸ್ಕೋವ್ 1988ರಲ್ಲಿ, ಅಂದರೆ ಪ್ಯಾಕ್ಸೊಸ್ ಹೊರಬರುವ ಮೊದಲೇ, ತಿರುಳಿನಲ್ಲಿ ಅದೇ ಎನ್ನಬಹುದಾದ ಪದ್ಧತಿಯನ್ನು ಪ್ರಕಟಿಸಿದ್ದರು, ಅದು ಹುಟ್ಟಿದ್ದು ಅಸಾಧ್ಯತೆಯ ರುಜುವಾತಿನಿಂದಲ್ಲ, ದತ್ತಾಂಶದ ಪ್ರತಿಗಳನ್ನು ಕಾಪಾಡುವ ಪ್ರಾಯೋಗಿಕ ಅಗತ್ಯದಿಂದ. ಒಪ್ಪುತ್ತೇನೆ. ಎಲ್ಲರೂ ಒಂದೇ ದಾರಿಯಿಂದ ಬಂದರೆಂದು ಹೇಳಿದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. ಆದರೆ ಎರಡು ಬೇರೆ ದಾರಿಗಳು ಒಂದೇ ಬಾಗಿಲಿಗೆ ಬಂದದ್ದು, ಬೇರೆ ಬಾಗಿಲೇ ಇರಲಿಲ್ಲವೆಂಬುದನ್ನೂ ಸೂಚಿಸುತ್ತದೆ. ಓಕಿ ಮತ್ತು ಲಿಸ್ಕೋವ್ ಪದ್ಧತಿಯಲ್ಲೂ ಸರಿತನ ಗಡಿಯಾರವನ್ನು ನಂಬಿಲ್ಲ, ಮುಂದುವರಿಕೆ ಮಾತ್ರ ನಂಬಿದೆ. ಎರಡನೆಯ ಆಕ್ಷೇಪ: ಈ ಎಲ್ಲ ಪದ್ಧತಿಗಳಲ್ಲಿ ನಿಜಕ್ಕೂ ಒಬ್ಬ ನಾಯಕನಿದ್ದಾನೆ, ಮತ್ತೆ ಯಜಮಾನನಿಲ್ಲದ ಒಮ್ಮತ ಎನ್ನುವುದು ಹೇಗೆ? ಸ್ಟ್ಯಾನ್‌ಫರ್ಡ್‌ನ ಡಿಯೆಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ 2014ರಲ್ಲಿ ಪ್ರಕಟಿಸಿದ ‘ರಾಫ್ಟ್’ನಲ್ಲಿ ನಾಯಕನಿಗೇ ಪ್ರಮುಖ ಪಾತ್ರ. ಆದರೆ ಎರಡು ಹಂತದ ಒಪ್ಪಂದದ ಸಂಚಾಲಕನಿಗೂ ಈ ನಾಯಕನಿಗೂ ಅಜಗಜಾಂತರ. ಸಂಚಾಲಕ ಸತ್ತರೆ ನಿರ್ಧಾರವೂ ಅವನೊಡನೆ ಸಮಾಧಿಯಾಗುತ್ತದೆ. ರಾಫ್ಟ್‌ನ ನಾಯಕ ಸತ್ತರೆ ಉಳಿದವರು ಒಂದು ಕ್ಷಣದೊಳಗೆ ಇನ್ನೊಬ್ಬನನ್ನು ಆರಿಸುತ್ತಾರೆ, ಏಕೆಂದರೆ ನಿರ್ಧಾರ ಇದ್ದದ್ದು ಬಹುಮತದಲ್ಲಿ. ನಾಯಕ ಅದನ್ನು ಓದಿ ಹೇಳುವವನಷ್ಟೇ.

ರಾಫ್ಟ್ ಬಂದದ್ದೇ ಪ್ಯಾಕ್ಸೊಸ್ ಕಷ್ಟವೆಂಬ ದೂರಿನಿಂದ. ಅದರ ಕರ್ತೃಗಳು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ 43 ವಿದ್ಯಾರ್ಥಿಗಳಿಗೆ ಎರಡನ್ನೂ ಕಲಿಸಿ ಪರೀಕ್ಷೆ ಕೊಟ್ಟರು. 33 ಮಂದಿ ರಾಫ್ಟ್‌ನ ಪ್ರಶ್ನೆಗಳಿಗೆ ಹೆಚ್ಚು ಅಂಕ ಪಡೆದರು. ಅದರಲ್ಲಿ ನಾಯಕನ ಸದ್ದು ನಿಂತರೆ ಪ್ರತಿ ಸದಸ್ಯನೂ ಒಂದಿಷ್ಟು ಹೊತ್ತು ಕಾದು ಅಭ್ಯರ್ಥಿಯಾಗಿ ನಿಲ್ಲುತ್ತಾನೆ. ಎಲ್ಲರೂ ಒಟ್ಟಿಗೆ ನಿಂತರೆ ಮತ ಹಂಚಿಹೋಗುತ್ತದೆ. ಅದಕ್ಕೆ ಪರಿಹಾರವೆಂದರೆ ಕಾಯುವ ಹೊತ್ತನ್ನು ಯಾದೃಚ್ಛಿಕವಾಗಿ ಆರಿಸುವುದು. ಪ್ರಬಂಧದ ಸೂಚನೆ 150ರಿಂದ 300 ಮಿಲಿಸೆಕೆಂಡು. ಬೆನ್-ಓರ್ ಅವರ ನಾಣ್ಯವೇ ಮೂವತ್ತು ವರ್ಷಗಳ ನಂತರ ಬೇರೆ ವೇಷದಲ್ಲಿ ಬಂದಿದೆ. ಆದರೂ ಹಳೆಯ ‘ಆಗದು’ಗಳು ತಮ್ಮ ಪಾಲನ್ನು ಬಿಡುವುದಿಲ್ಲ. 2020ರ ನವೆಂಬರ್ 2ರಂದು ಕ್ಲೌಡ್‌ಫ್ಲೇರ್ ಕಂಪನಿಯ ಒಂದು ದತ್ತಾಂಶ ಕೇಂದ್ರದಲ್ಲಿ ಒಂದು ಸ್ವಿಚ್ ಪೂರ್ತಿ ಸಾಯದೆ ಅರೆಜೀವವಾಯಿತು. ರಾಫ್ಟ್ ನಡೆಸುತ್ತಿದ್ದ ಮೂವರು ಸದಸ್ಯರಲ್ಲಿ ಒಬ್ಬನಿಗೆ ನಾಯಕನ ಮಾತು ಕೇಳಿಸದು, ಮೂರನೆಯವನಿಗೆ ಇಬ್ಬರದೂ ಕೇಳಿಸುತ್ತದೆ. ಕೇಳಿಸದವನು ಮತ್ತೆ ಮತ್ತೆ ಚುನಾವಣೆ ಕರೆದ. ಚುನಾವಣೆ ನಡೆಯುವಷ್ಟು ಹೊತ್ತು ಬರಹದ ಕೆಲಸ ನಿಂತಿತು. ಅದನ್ನು ನಂಬಿದ್ದ ದತ್ತಸಂಚಯಗಳಿಗೂ ಪೆಟ್ಟು ಬಿತ್ತು. ಕಂಪನಿಯ ನಿಯಂತ್ರಣ ಸೇವೆಗಳು ಸುಮಾರು ಆರೂವರೆ ಗಂಟೆ ಕುಂಟಿದವು. ಇದನ್ನು ವಿವರಿಸಿದ ಎಂಜಿನಿಯರುಗಳು ತಮ್ಮ ಬರಹಕ್ಕೆ ಬೈಜಾಂಟೈನ್ ದೋಷದ ಹೆಸರನ್ನೇ ಇಟ್ಟರು. ರಾಫ್ಟ್ ಸತ್ತವರನ್ನು ತಾಳಿಕೊಳ್ಳಲು ಮಾಡಿದ್ದು, ಒಬ್ಬನಿಗೊಂದು ಇನ್ನೊಬ್ಬನಿಗೊಂದು ಮುಖ ತೋರಿಸುವ ಜಾಲವನ್ನಲ್ಲ.

ಹಕ್ಕಿಗಳ ಮಾತು ಇಲ್ಲಿ ಬರಲೇಬೇಕು. ಸಾವಿರಾರು ಹಕ್ಕಿಗಳು ಯಾವ ಪ್ರಮೇಯವನ್ನೂ ಓದದೆ ಒಂದೇ ಸಲ ತಿರುಗುತ್ತವಲ್ಲ, ಕಂಪ್ಯೂಟರಿಗೇಕೆ ಇಷ್ಟು ಕಷ್ಟ? ಉತ್ತರ, ಅವು ಬಿಟ್ಟುಕೊಟ್ಟಿರುವುದೇನು ಎಂಬುದರಲ್ಲಿದೆ. ಅಂಥದ್ದನ್ನೇ ಬಿಟ್ಟುಕೊಟ್ಟ ಕಂಪ್ಯೂಟರುಗಳೂ ಇವೆ. 1987ರಲ್ಲಿ ಜೆರಾಕ್ಸ್‌ನ ಪಾಲೊ ಆಲ್ಟೊ ಕೇಂದ್ರದವರು ಕಂಪನಿಯ ನೂರಾರು ಜಾಲಗಳಲ್ಲಿ ಹರಡಿದ್ದ ಹೆಸರುಪಟ್ಟಿಯ ಪ್ರತಿಗಳನ್ನು ಹೊಂದಿಸಲು ಸಾಂಕ್ರಾಮಿಕ ರೋಗದ ಗಣಿತವನ್ನು ಬಳಸಿದರು. ಪ್ರತಿ ಯಂತ್ರವೂ ಆಗಾಗ ಯಾರೋ ಒಬ್ಬರನ್ನು ಆರಿಸಿ ತನ್ನ ಸುದ್ದಿ ಹೇಳುತ್ತದೆ, ಅವರದನ್ನು ಕೇಳುತ್ತದೆ. ಊರಲ್ಲಿ ಗಾಳಿಮಾತು ಹಬ್ಬಿದಂತೆ ಸುದ್ದಿ ಎಲ್ಲೆಡೆ ಮುಟ್ಟುತ್ತದೆ. ಅದು ಗಟ್ಟಿಮುಟ್ಟಾದ, ಚಂದದ ಪದ್ಧತಿ. ಆದರೆ ಇಂಥ ಗಳಿಗೆಗೆ ಎಲ್ಲರೂ ಒಪ್ಪಿದ್ದಾರೆ ಎಂದು ಯಾರೂ ಹೇಳಲಾರರು. 2004ರಲ್ಲಿ ಎಫ್‌ಎಲ್‌ಪಿಯ ಅದೇ ಮೈಕೆಲ್ ಫಿಷರ್, ಡಾನಾ ಆಂಗ್ಲುಯಿನ್ ಮತ್ತಿತರರೊಡನೆ, ಹಕ್ಕಿಗಳಿಗೆ ಕಟ್ಟಿದ ಪುಟ್ಟ ಸಂವೇದಕಗಳನ್ನು ಕಲ್ಪಿಸಿಕೊಂಡು ಅತಿ ಬಡ ಸದಸ್ಯರ ಸಿದ್ಧಾಂತ ಕಟ್ಟಿದರು. ಈ ಸಾಲಿನಲ್ಲಿ ಮುಂದೆ ಬಂದ ಒಂದು ನಿಯಮಾವಳಿ ಮೂರೇ ಸ್ಥಿತಿಗಳದ್ದು: ಹೌದು, ಇಲ್ಲ, ಖಾಲಿ. ಹೌದಿಗೆ ಇಲ್ಲ ಎದುರಾದರೆ ಒಬ್ಬ ಖಾಲಿಯಾಗುತ್ತಾನೆ. ಖಾಲಿಯವನು ಯಾರನ್ನು ಕಂಡರೆ ಅವರ ಮತ ತಳೆಯುತ್ತಾನೆ. ಇಷ್ಟರಿಂದಲೇ ಇಡೀ ಗುಂಪು ಬೇಗ ಒಂದು ಬಣ್ಣಕ್ಕೆ ತಿರುಗುತ್ತದೆ. ಬೆಲೆ? ಆರಂಭದಲ್ಲಿ ಎರಡು ಪಕ್ಷಗಳ ಅಂತರ ತೀರ ಸಣ್ಣದಿದ್ದರೆ ಅಲ್ಪಮತವೇ ಗೆಲ್ಲಬಹುದು. ಜೀವಕೋಶ ವಿಭಜನೆಯ ಸ್ವಿಚ್ಚು ಇದೇ ಲೆಕ್ಕವನ್ನು ಮಾಡುತ್ತದೆಂದು 2012ರಲ್ಲಿ ಲೂಕಾ ಕಾರ್ಡೆಲ್ಲಿ ಮತ್ತು ಅತ್ತಿಲಾ ಚಿಕಾಸ್-ನಾಜ್ ತೋರಿಸಿದರು. ಜೀವಕೋಶಕ್ಕೆ ಯಾವುದೋ ಒಂದು ಕಡೆ ಬೇಗ ವಾಲಿದರೆ ಸಾಕು. ಬ್ಯಾಂಕಿನ ಖಾತೆಗೆ ಹಾಗೆ ಸಾಲದು.

ಬಿಟ್‌ಕಾಯಿನ್‌ಗೆ ಈ ಕಥೆಯಲ್ಲಿ ಸಲ್ಲಬೇಕೆಂದು ನನಗೆ ಕಾಣುವಷ್ಟು ಜಾಗವನ್ನು ಮಾತ್ರ ಕೊಡುತ್ತೇನೆ. 2008ರ ಅದರ ಪ್ರಸ್ತಾಪ ಸದಸ್ಯರು ಯಾರು, ಎಷ್ಟು ಜನ ಎಂಬುದೇ ಗೊತ್ತಿಲ್ಲದಲ್ಲಿ ಒಮ್ಮತ ತರುವ ದಾರಿ ತೋರಿಸಿತು, ಅದು ನಿಜಕ್ಕೂ ಹೊಸದು. ಬದಲಿಗೆ ಕೊನೆಯ ನಿರ್ಧಾರ ಎಂಬುದನ್ನೇ ಬಿಟ್ಟಿತು, ವಿದ್ಯುತ್ತನ್ನು ಬೆಲೆಯಾಗಿ ತೆತ್ತಿತು. ಅದರಲ್ಲಿ ದಾಖಲಾದದ್ದು ಹೊತ್ತು ಕಳೆದಂತೆ ಅಳಿಸಲು ಹೆಚ್ಚು ಹೆಚ್ಚು ಕಷ್ಟವಾಗುತ್ತದೆ, ಅಷ್ಟೇ. ಅದೇ ದಾರಿಯಲ್ಲಿ ಹೊರಟ ಇಥೀರಿಯಂ 2022ರ ಸೆಪ್ಟೆಂಬರ್‌ನಲ್ಲಿ ವಿದ್ಯುತ್ತು ಸುಡುವ ಪದ್ಧತಿ ಬಿಟ್ಟು ಮತದಾನಕ್ಕೆ ಹೊರಳಿತು. ವಹಿವಾಟಿನ ಲೆಕ್ಕದ ಒಂದು ಪುಟ (ಬ್ಲಾಕ್) ಅಳಿಸಲಾಗದ್ದು ಎನ್ನಿಸಿಕೊಳ್ಳಲು ಒತ್ತೆಯಿಟ್ಟ ಹಣದ ಮೂರರಲ್ಲಿ ಎರಡು ಪಾಲಿನಷ್ಟು ಮತ ಬೇಕು ಎಂದು ಅಲ್ಲಿನ ನಿಯಮ. ಶೋಸ್ಟಾಕ್ ಮತ್ತು ಪೀಸ್ ವಿಮಾನದ ಕಂಪ್ಯೂಟರುಗಳಿಗೆ ಹಾಕಿದ ಮೂರನೆಯ ಒಂದು ಪಾಲಿನ ಗೆರೆ ಅಲ್ಲೂ ಹಾಗೇ ಇದೆ. 2023ರ ಮೇ 11ರಂದು, ಮತ್ತೆ ಮರುದಿನ, ಹಳೆಯ ಮತಗಳ ಹೊರೆಯಲ್ಲಿ ಕೆಲವು ತಂತ್ರಾಂಶಗಳು ಬಳಲಿ ಬಹಳಷ್ಟು ಮತದಾರ ಯಂತ್ರಗಳು ಮೌನವಾದವು, ಮತ ಮೂರರಲ್ಲಿ ಎರಡಕ್ಕಿಂತ ಕೆಳಗಿಳಿಯಿತು. ಹೊಸ ಪುಟಗಳು ಬರುತ್ತಲೇ ಇದ್ದವು, ಯಾವುದೂ ಅಂತಿಮವೆನಿಸಲಿಲ್ಲ. ಮೊದಲ ದಿನ ಸುಮಾರು 25 ನಿಮಿಷ, ಎರಡನೆಯ ದಿನ ಒಂದು ಗಂಟೆಗೂ ಹೆಚ್ಚು ಹೊತ್ತು ಹಾಗೆ ಕಾದು, ಮೌನವಾಗಿದ್ದವು ಮರಳಿ ಮಾತಾಡಿದ ಮೇಲೆ ಅಂತಿಮ ಮುದ್ರೆ ಮತ್ತೆ ಬೀಳತೊಡಗಿತು. ಆ ಹೊತ್ತಿನಲ್ಲಿ ಎರಡು ವಿರುದ್ಧ ಪುಟಗಳಿಗೆ ಅಂತಿಮ ಮುದ್ರೆ ಬೀಳಲಿಲ್ಲ.